ನಾಯಿಯ ಪಾಲಿನ ಉಂಡಿ

ಬೆಟಗೇರಿಯ ನಮ್ಮ ಓಣಿಯಲ್ಲಿ ನಾನು ಯಾರ ದನಿಯನ್ನೂ ಬಿಟ್ಟವನಲ್ಲ. ಮಗ್ಗದ ಸದ್ದು ಮೀರಿ ಕೂಗುವ ಅಪ್ಪ, ಮೂಗಿನಲ್ಲೇ ಮಾತಾಡುವ ಕಿರಾಣಿ ಅಂಗಡಿ ಕಾಕಾ, ಹುಡುಗಿಯರ ಮುಂದೆ ಗಂಟಲು ದಪ್ಪ ಮಾಡಿಕೊಳ್ಳುವ ನಾನು, ಎಲ್ಲರನ್ನೂ ಆಡಿ ತೋರಿಸುತ್ತೇನೆ. ಅಜ್ಜಿಯ ಹಾಗೆ "ಬಾರೋ ನನ್ನಪ್ಪಾ" ಎಂದರೆ ನಮ್ಮ ನಾಯಿಯೇ ಮೋಸ ಹೋಗುತ್ತದೆ. ಅಜ್ಜಿ ಅದಕ್ಕೆ ಬೇರೆ ಹೆಸರಿಟ್ಟಿಲ್ಲ. ನನ್ನನ್ನೂ ಹಾಗೇ ಕರೆಯುತ್ತಾಳೆ. ಇಬ್ಬರೂ ಓಡಿ ಹೋದರೆ ತುತ್ತು ಮೊದಲು ಅದಕ್ಕೆ.

ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆಯುವಾಗ ಒಬ್ಬೊಬ್ಬರ ಪಾಲನ್ನೂ ಹೇಳಿ ಎರೆಯುತ್ತೇವೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಅಜ್ಜಿ ಕೊನೆಗೆ "ನಾಯಿ ಪಾಲು" ಎಂದು ಒಂದು ಹನಿ ಬಿಡುತ್ತಾಳೆ. ಹಾಲಿನಲ್ಲಿ ಪಾಲಿದ್ದವರಿಗೆ ಉಂಡಿಯಲ್ಲೂ ಪಾಲು, ಇದು ಆಕೆಯ ಕಾನೂನು. ಅಷ್ಟು ವರ್ಷ ಅದರ ಪಾಲಿಗೆ ಶೇಂಗಾ ಉಂಡಿ ಬರುತ್ತಿತ್ತು. ಹೋದ ಪಂಚಮಿಗೆ ರವೆ ಉಂಡಿ ಕಟ್ಟಿದಳು, ಒಣದ್ರಾಕ್ಷಿ ಧಾರಾಳವಾಗಿ ಸುರಿದು. ನಾಯಿಯ ಉಂಡಿಗಳಿಗೆ ಮೇಲಿನಿಂದ ಇನ್ನೊಂದು ಹಿಡಿ ದ್ರಾಕ್ಷಿ ಒತ್ತಿದಳು.

"ಪಾಪ, ಬಾಯಿಲ್ಲದ ಜೀವ. ಕೇಳಿ ತಗೊಳ್ಳಾಕ ಬರೂದಿಲ್ಲ ಅದಕ್ಕ."

"ನನಗ ಬಾಯಿ ಐತಿ ಅಂತ ಕಡಿಮಿ ಏನಬೇ?"

"ನಿನಗ ಬಾಯಿ ಅಷ್ಟ ಐತಿ."

ಇಳಿಹೊತ್ತಿಗೆ ನಾಯಿ ವಾಂತಿ ಮಾಡತೊಡಗಿತು. ಆಮೇಲೆ ಮಗ್ಗದ ಕುಣಿಯೊಳಗೆ, ಅಪ್ಪ ಕಾಲಿಳಿಬಿಟ್ಟು ನೇಯುವ ಆ ಗುಂಡಿಯೊಳಗೆ, ಇಳಿದು ಮೂಲೆ ಸೇರಿತು. ನಾನು ದನದ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

"ಏನ್ ತಿಂದೈತ್ರಿ?"

"ಪಂಚಮಿ ಉಂಡಿರಿ."

"ದ್ರಾಕ್ಷಿ ಇದ್ದೂವೇನು?"

"ಅದಕ್ಕಂತನ ಜಾಸ್ತಿ ಹಾಕಿದ್ವಿರಿ."

"ಜಲ್ದಿ ಕರಕೊಂಡ ಬರ್ರಿ. ಮನಷ್ಯಾರಿಗೆ ಅದು ಚಲೋ, ನಾಯಿಗೆ ಕಿಡ್ನಿಗೆ ಹೊಡೀತೈತಿ."

ಅಜ್ಜಿ ಕೇಳಿಸಿಕೊಂಡಳು. ಅಪ್ಪ ಕುಣಿಗೆ ಕೈ ಹಾಕಿದರೆ ನಾಯಿ ಹಲ್ಲು ಕಿಸಿಯಿತು. "ನೀ ಕರಿಯಬೇ, ನಿನ್ನ ಮಾತು ಕೇಳತೈತಿ" ಎಂದ ಅಪ್ಪ. ಆಕೆ ಬಾಯಿ ತೆರೆದಳು, ದನಿ ಹೊರಡಲಿಲ್ಲ. ನಾನೇ ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು ಆಕೆಯ ದನಿಯಲ್ಲಿ ಕರೆದೆ: "ಬಾರೋ ನನ್ನಪ್ಪಾ." ನಾಯಿ ತಡವರಿಸುತ್ತಾ ಮೇಲೆ ಬಂತು, ನನ್ನನ್ನು ದಾಟಿ ಹೋಗಿ ಅಜ್ಜಿಯ ಪಾದದ ಮೇಲೆ ತಲೆ ಇಟ್ಟಿತು.

ಡಾಕ್ಟರು ಇಂಜೆಕ್ಷನ್ ಕೊಟ್ಟು ಸಲೈನ್ ಏರಿಸಿದರು. "ಉಚ್ಚಿ ಹೋಗಬೇಕ್ರಿ. ಅದು ನಿಂತ್ರ ಕಷ್ಟ ಐತಿ" ಎಂದರು. ಮನೆಗೆ ತಂದ ಮೇಲೆ ಎಲ್ಲರ ಕಣ್ಣೂ ನಾಯಿಯ ಹಿಂಗಾಲಿನ ಮೇಲೆ. ಉಂಡಿ ತಟ್ಟೆ ಹಿಡಿದು ಬಂದ ಓಣಿಯ ಹೆಂಗಸರು ಹಬ್ಬದ ಮಾತು ಬಿಟ್ಟು "ಹೊಯ್ತೇನು?" ಎಂದೇ ಕೇಳುತ್ತಿದ್ದರು. ಒಬ್ಬೊಬ್ಬರ ದನಿಯಲ್ಲೂ ಅದನ್ನು ಆಡಿ ತೋರಿಸಿದೆ. ಅಜ್ಜಿ ನಗಲಿಲ್ಲ. ನನಗೂ ನಗು ಬಂದಿರಲಿಲ್ಲ, ಸುಮ್ಮನಿರಲು ಬರುವುದಿಲ್ಲ ಅಷ್ಟೇ. ಅಜ್ಜಿ ಉಂಡಿ ಕಟ್ಟಿದ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು, ಸುಟ್ಟುಕೊಂಡವರ ಹಾಗೆ.

ಮರುದಿನ ನಾಯಿ ಎದ್ದು, ಮಗ್ಗದ ಕಂಬ ಮೂಸಿ, ಕಾಲೆತ್ತಿತು. ಮಗ್ಗದ ಹತ್ತಿರ ಚಪ್ಪಲಿಯನ್ನೂ ಬಿಡಗೊಡದ ಅಪ್ಪ ಕಂಬ ತೊಯ್ಯುವುದನ್ನೇ ನೋಡುತ್ತಾ "ಹೊಯ್ಲಿ, ಹೊಯ್ಲಿ" ಎಂದ.

ಉಳಿಯಿತು. ಆದರೆ ಕಿಡ್ನಿ ಮೊದಲಿನಂತಿಲ್ಲವಂತೆ. ಇಡೀ ದಿನ ನೀರು ಕುಡಿಯುತ್ತದೆ, ಸೊರಗಿದೆ. ಅದು ಬಟ್ಟಲಿಗೆ ಹೋದಾಗಲೆಲ್ಲ ಅಜ್ಜಿ ಕೆಲಸ ನಿಲ್ಲಿಸಿ ನೋಡುತ್ತಾಳೆ.

ಈಗ ಆಕೆ ಅದಕ್ಕೆ ಕೈಯಾರೆ ಏನೂ ತಿನ್ನಿಸುವುದಿಲ್ಲ. ರೊಟ್ಟಿ ಮುರಿದು ನನ್ನ ಕೈಗಿಟ್ಟು "ನೀನ ಕರಿಯೋ, ನಿನಗ ಬರತೈತೆಲ್ಲ" ಎನ್ನುತ್ತಾಳೆ. ನಾನು ಆಕೆಯ ದನಿಯಲ್ಲಿ ಕರೆಯುತ್ತೇನೆ. ನಾಯಿ ಬಂದು ನನ್ನ ಕೈಯಿಂದ ತಿನ್ನುತ್ತದೆ, ಆಕೆಯನ್ನೇ ನೋಡುತ್ತಾ.