ಕಂಪ್ಯೂಟರಿಗೆ ಹೊದಿಸಿದ ಕೌದಿ

ಬಿಸಿಯಾದ ಧೂಳಿಗೆ ಒಂದು ವಾಸನೆ ಇರುತ್ತದೆ. ಸುಟ್ಟ ವಾಸನೆಯಲ್ಲ, ಸುಡುವುದಕ್ಕೆ ಸ್ವಲ್ಪ ಮೊದಲಿನದು. ಹಂಚಿನ ಪಕ್ಕ ಮರೆತು ಇಟ್ಟ ರೊಟ್ಟಿ ಬಟ್ಟೆಯಿಂದ ಬರುವಂಥದ್ದು. ಹೋದ ವಾರ ಸಂಭಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಆಫೀಸಿನ ಲೆಕ್ಕ ನೋಡುತ್ತ ಕುಳಿತಿದ್ದಾಗ ಆ ವಾಸನೆ ಬಂತು. ತಲೆ ಎತ್ತುವಷ್ಟರಲ್ಲಿ ಕಂಪ್ಯೂಟರ್ ತಾನಾಗಿ ಬಂದಾಯಿತು. ಮತ್ತೆ ಚಾಲೂ ಮಾಡಿದರೆ ಒಂದು ಕೀರಲು ಸದ್ದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು: ಪ್ರೊಸೆಸರಿನ ಫ್ಯಾನಿನಲ್ಲಿ ದೋಷವಿದೆ.

ಆ ಸಾಲನ್ನು ನಾನು ಮೊದಲ ಸಲ ಕಂಡದ್ದು ನಾಶಿಕದ ಪಂಚವಟಿಯಲ್ಲಿ, ಬಿ.ಕಾಂ. ಕೊನೆಯ ವರ್ಷದಲ್ಲಿ. ಓದಿದವಳು ನಾನು. ಅರ್ಥ ಮಾಡಿಕೊಂಡವರು ಮೇಲಿನ ಮನೆಯ ವೈನಿ. ಇಷ್ಟು ವರ್ಷವಾದ ಮೇಲೂ ಈ ಎರಡು ವಾಕ್ಯಗಳನ್ನು ಒಟ್ಟಿಗೆ ಬರೆಯುವುದು ನನಗೆ ಸುಲಭವಲ್ಲ.

ವೈನಿ ಎಂದರೆ ಅಣ್ಣನ ಹೆಂಡತಿ. ನನಗೆ ಅಣ್ಣನಿಲ್ಲ. ಪಂಚವಟಿಯಲ್ಲಿ ನಾವು ಬಾಡಿಗೆಗಿದ್ದ ಹಳೆಯ ಮಹಡಿ ಮನೆ, ಆ ವಾಡೆಯಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ ಇದ್ದವು, ಕೆಳಗೆ ನಮ್ಮದು, ಮೇಲೆ ಅವರದು. ಹಾಗಾಗಿ ಸಂಬಂಧ ತಾನೇ ಬೆಳೆಯಿತು. ಅವರ ಗಂಡ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಸಿನ್ನರಿನ ಕಾರ್ಖಾನೆಗೆ ಹೋಗುತ್ತಿದ್ದರು. ಆಮೇಲೆ ವೈನಿ ಕೂದಲು ಒಣಗಿಸುತ್ತ ಕೆಳಗಿಳಿದು ಬರುತ್ತಿದ್ದರು. ಬಂದವರು ನೇರ ನಮ್ಮ ಅಡುಗೆ ಮನೆಗೆ.

ನಮ್ಮದು ಕಲಬುರಗಿ ಕಡೆಯಿಂದ ದುಡಿಯಲು ಬಂದ ಮನೆತನ. ಅಪ್ಪ ಗೌಂಡಿ. ಅವ್ವ ಅವನ ಕಟ್ಟಡಗಳಲ್ಲೇ ಬುಟ್ಟಿ ಹೊತ್ತವಳು. ನಮ್ಮ ವಂಶದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕಿರಬೇಕು? ಮನೆಯಲ್ಲಿ ಓದಲು ಜಾಗವಿಲ್ಲದೆ ಗೋದಾವರಿ ಘಾಟಿನ ಮೆಟ್ಟಿಲ ಮೇಲೆ, ಶ್ರಾದ್ಧದ ಮಂತ್ರಗಳ ನಡುವೆ, ಲೆಕ್ಕಶಾಸ್ತ್ರ ಕಲಿತವಳು ನಾನು. ಕರೆಂಟಿನ ಬಿಲ್ಲು ಬರಲಿ, ದವಾಖಾನೆಯ ಚೀಟಿ ಬರಲಿ, ಅಪ್ಪ ಮುಟ್ಟುತ್ತಲೂ ಇರಲಿಲ್ಲ. "ಓದಾಕಿನ್ನ ಕರೀರಿ" ಅನ್ನುತ್ತಿದ್ದ. ಅವ್ವನಿಗೆ ತಿಳಿಯದ್ದೆಲ್ಲ ನನಗೆ ತಿಳಿದಿದೆ ಎಂದು ಅವ್ವ ನಂಬಿದ್ದಳು. ಆ ಮನೆಯಲ್ಲಿ ನನಗಿದ್ದ ಆಸ್ತಿ ಅದೊಂದೇ.

ವೈನಿ ಬೀದರಿನ ಅರಿವೆ ವ್ಯಾಪಾರಿಯ ಮಗಳು. ಪಾಲಿಟೆಕ್ನಿಕ್ ಗೇಟಿನವರೆಗೆ ಅಪ್ಪನ ಸ್ಕೂಟರಿನಲ್ಲಿ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದರು. ಆ ಪ್ರಮಾಣಪತ್ರ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಬಿದ್ದಿತ್ತು. ನೌಕರಿ ಯಾಕೆ ಮಾಡಲಿಲ್ಲ ಎಂದು ಒಮ್ಮೆ ಕೇಳಿದೆ. "ಬ್ಯಾಸರ ಆತು, ಬಿಟ್ಟೆ" ಎಂದು ನಕ್ಕರು. ನಾನು ಹಲ್ಲು ಕಚ್ಚಿ ಏರುತ್ತಿದ್ದ ಗುಡ್ಡವನ್ನು ಅವರು ತಿರುಗಾಡಲು ಹೋದಂತೆ ಏರಿ, ಬೇಸರವಾಗಿ ಇಳಿದು ಬಂದಿದ್ದರು. ಅವರ ಬಳೆ, ಬಣ್ಣ, ನಗು ಯಾವುದರ ಮೇಲೂ ನನಗೆ ಅಷ್ಟು ಉರಿ ಇರಲಿಲ್ಲ. ಆ "ಬ್ಯಾಸರ" ಎಂಬ ಮಾತಿನ ಮೇಲೆ ಇತ್ತು. ಅದಕ್ಕಿಂತ ಹೆಚ್ಚು, ಅವರು ಬಂದಾಗ ಅವ್ವ ನಗುತ್ತಿದ್ದ ರೀತಿಯ ಮೇಲೆ ಇತ್ತು. ಸೆರಗು ಬಾಯಿಗೆ ಹಚ್ಚಿಕೊಂಡು, ಹುಡುಗಿಯ ಹಾಗೆ... ನನ್ನ ಮುಂದೆ ಅವ್ವ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಆ ವರ್ಷ ನನ್ನ ಓದಿಗೆಂದು ಅಪ್ಪ ಹಳೆಯ ಕಂಪ್ಯೂಟರ್ ತಂದ. ಮುಚ್ಚಿಹೋದ ಒಂದು ಸೈಬರ್ ಸೆಂಟರಿನದು. ಅವ್ವ ಅದಕ್ಕೆ ಮೊದಲು ವಿಭೂತಿ ಹಚ್ಚಿದಳು. ಆಮೇಲೆ ತಿಂಗಳುಗಟ್ಟಲೆ ಕೂತು ಅದರ ಡಬ್ಬಿಗೆ ಒಂದು ಕೌದಿ ಹೊಲಿದಳು. ಅಪ್ಪನ ಧೋತರ, ಅವಳ ಇಳಕಲ್ ಸೀರೆಯ ಅಂಚು, ನಡುವೆ ನಾನು ಒಂದನೆಯ ಇಯತ್ತೆಯಿಂದ ತೊಟ್ಟ ಶಾಲೆಯ ನೀಲಿ ಲಂಗಗಳ ತುಂಡು. ಹಳದಿ ದಾರದ ಒತ್ತೊತ್ತಾದ ಹೊಲಿಗೆ. ನಾನು ಹುಟ್ಟಿದಾಗ ನನಗೆ ಕೌದಿ ಇರಲಿಲ್ಲ. ಕೆಲಸ ನಡೆಯುತ್ತಿದ್ದ ಕಟ್ಟಡದಲ್ಲಿ ಸಿಮೆಂಟ್ ಚೀಲದ ಮೇಲೆ ಮಲಗಿಸಿದ್ದಳಂತೆ. ಆ ಬಾಕಿ ತೀರಿಸುವವಳಂತೆ ಹೊಲಿದಿದ್ದಳು. ಕೌದಿ ನಾಲ್ಕೂ ಕಡೆ ನೆಲದವರೆಗೆ ಇಳಿಯುತ್ತಿತ್ತು. ಮುಂದೆ ಗುಂಡಿ ಒತ್ತಲು ಪರದೆಯಂತೆ ಎತ್ತಬಹುದಿತ್ತು, ಹಿಂದೆ ವೈರುಗಳಿಗೆ ಸೀಳು ಬಿಟ್ಟಿದ್ದಳು. ಕಂಪ್ಯೂಟರ್ ನಡೆಯುವಾಗಲೂ ಅದು ಹೊದ್ದುಕೊಂಡೇ ಇರುತ್ತಿತ್ತು. ಬೆಲೆಬಾಳುವ ವಸ್ತುವನ್ನು ಬಿಚ್ಚಿಡುವ ರೂಢಿ ನಮ್ಮಲ್ಲಿಲ್ಲ.

ಸ್ವಲ್ಪ ದಿನಕ್ಕೆ ಕಂಪ್ಯೂಟರ್ ನಡುವೆಯೇ ಬಂದಾಗತೊಡಗಿತು. ಕೊನೆಯ ವರ್ಷದ ಪ್ರಾಜೆಕ್ಟ್ ವರದಿ ಟೈಪ್ ಮಾಡುತ್ತಿದ್ದೆ. ಒಂದು ಪುಟ ಮುಗಿಯುವಷ್ಟರಲ್ಲಿ ಪರದೆ ಕಪ್ಪು. ನಾನು ವೋಲ್ಟೇಜ್ ಅಂದೆ. ಪ್ಲಗ್ ಬದಲಿಸಿದೆ. ವೈರಸ್ ಅಂದೆ. ಏನೇನೋ ಅಂದೆ. ಅವ್ವ ಎಲ್ಲವನ್ನೂ ನಂಬಿದಳು. ಅಪ್ಪ ಡಬ್ಬಿಯನ್ನು ರಿಕ್ಷಾದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಒಯ್ದ. ಅಲ್ಲಿ ಅದು ಇಡೀ ದಿನ ತಕರಾರಿಲ್ಲದೆ ನಡೆಯಿತು. ಮನೆಗೆ ತಂದರೆ ಮತ್ತೆ ಅದೇ ಕತೆ. ಎರಡನೆಯ ಸಲ ಒಯ್ದಾಗ ಅಂಗಡಿಯವನು ನಕ್ಕು, ಮಶೀನು ಸರಿಯಿದೆ, ನಿಮ್ಮ ಮನೆಯಲ್ಲೇ ಏನೋ ಇದೆ ಎಂದು ಮರಾಠಿಯಲ್ಲಿ ಹೇಳಿದ. ಒಳಗೆ ಗಾಳಿಯಾಡಲಿ ಎಂದು ಡಬ್ಬಿಯ ಒಂದು ಬದಿಯ ತಗಡನ್ನು ತೆಗೆದೇ ಕಳಿಸಿದ.

ಅವ್ವ ಅದನ್ನು ನೋಡಿ ಗಾಬರಿಯಾದಳು. "ಯವ್ವಾ, ಕರಳ ಕಾಣ್ಲಿಕತ್ತಾವಲ್ಲೇ ಇದರವು" ಎಂದು ಉಪ್ಪು ಮೆಣಸಿನಕಾಯಿ ಇಳಿದೆಗೆದಳು. ಕೌದಿಗೆ ಒಳಗಿನಿಂದ ಇನ್ನೊಂದು ಪದರು ಹೊಲಿದು, ಮೊದಲಿಗಿಂತ ಬೆಚ್ಚಗೆ ಹೊದಿಸಿದಳು. ಮರುದಿನ ಕಂಪ್ಯೂಟರ್ ಕೀರಲು ದನಿ ತೆಗೆದು ಫ್ಯಾನಿನ ದೋಷದ ಸಾಲನ್ನು ತೋರಿಸಿತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅವ್ವ ಮುಂದಿನ ಮಾತಿಗಾಗಿ ನನ್ನ ಮುಖ ನೋಡಿದಳು. ನಾನು ಅದೇ ಸಾಲನ್ನು ಇನ್ನೊಮ್ಮೆ ಓದಿದೆ.

ಆಗ ಅವ್ವ ಮಹಡಿಗೆ ಹತ್ತುವ ಜಿನೆಯ ಕಡೆ ಮುಖ ಎತ್ತಿ ಕೂಗಿದಳು, "ವೈನೀ, ಒಂದೀಟ ಬರತೀರೇನ್ರಿ?"

ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಅಕ್ಷರ ಕಂಡಲ್ಲಿ ನನ್ನನ್ನು ಕರೆಯುತ್ತಿದ್ದ ಮನೆ, ಮೊದಲ ಸಲ ಬೇರೆಯವರನ್ನು ಕರೆದಿತ್ತು.

ವೈನಿ ಬಂದರು. ಆಗ ಅವರು ಬಸುರಿ, ಹೊಟ್ಟೆ ಕಾಣತೊಡಗಿತ್ತು. ಯಾವುದನ್ನೂ ಬಿಚ್ಚಲಿಲ್ಲ. ಮಂಚದ ಮೇಲೆ ಕಾಲು ಮಡಚಿ ಕೂತು, ದಿನಾ ಹೇಗೆ ಇಡುತ್ತೀರೋ ಹಾಗೆಯೇ ಇಡಿ ಎಂದರು. ಆಮೇಲೆ ಮಂಚದಿಂದ ಇಳಿದು ಬಂದು, ಕೂಸಿನ ಜ್ವರ ನೋಡುವವರಂತೆ ಕೌದಿಯ ಕೆಳಗೆ ಕೈ ತೂರಿಸಿದರು. ಕೈ ಹೊರಗೆ ತೆಗೆದು ಊದಿಕೊಂಡರು. ನನ್ನ ಕಡೆ ತಿರುಗಿ ಕೇಳಿದರು, "ನೀ ಲೆಕ್ಕದಾಕಿ ಹೌದಿಲ್ಲ? ಹಂಗಾರ ಲೆಕ್ಕ ಹಾಕು. ಅಂಗಡ್ಯಾಗ ನಡೀತದ, ಮನ್ಯಾಗ ನಿಂದ್ರತದ. ಅಂಗಡ್ಯಾಗ ಇಲ್ಲದ್ದು ಮನ್ಯಾಗ ಏನದ?"

"ವೋಲ್ಟೇಜ್" ಅಂದೆ.

"ಶಾಣ್ಯಾಕಿ" ಎಂದರು. ಮೈಯೆಲ್ಲ ಉರಿಯಿತು.

ಅವ್ವ ಚಹಕ್ಕೆ ಎಸರಿಡಲು ತಿರುಗಿದಾಗ ಅವರು ಕೌದಿ ಸರಿಸಿದರು. ಒಳಗೆ ಪ್ರೊಸೆಸರಿನ ಮೇಲಿನ ಪುಟ್ಟ ಫ್ಯಾನು ಕಂಡಿತು. ಅದರ ನಡುಗಂಬಕ್ಕೆ ಹಳದಿ ದಾರ ಬುಗುರಿಗೆ ಸುತ್ತಿದಂತೆ ಸುತ್ತಿಕೊಂಡಿತ್ತು. ಕೆಳಗಿನ ಲೋಹದ ಹಲ್ಲುಗಳ ನಡುವೆ ಹತ್ತಿಯ ಜುಂಗು, ನೀಲಿ, ಬಿಳಿ, ಕೆಂಪು, ಒಂದು ಸಣ್ಣ ಕೌದಿಯಾಗಿಯೇ ಕೂತಿತ್ತು. ಮೊದಲು ಬರೀ ಉಸಿರು ಕಟ್ಟಿ ಬಂದಾಗುತ್ತಿದ್ದ ಮಶೀನು, ಬದಿಯ ತಗಡು ಹೋದ ಮೇಲೆ ಅವ್ವನ ಹೊಲಿಗೆಯ ದಾರವನ್ನೇ ಎಳೆದುಕೊಂಡು ನುಂಗಿತ್ತು. ಅಷ್ಟನ್ನು ನೋಡಿ ನಾನೂ ಅರ್ಥ ಮಾಡಿಕೊಂಡೆ. ಕೊನೆಗೂ ನನಗೊಂದು ಉತ್ತರ ಸಿಕ್ಕಿತ್ತು.

"ಅವ್ವಾ, ನೋಡಿಲ್ಲಿ, ನಿನ್ನ..." ಎಂದು ನಾನು ಬಾಯಿ ತೆರೆಯುವುದಕ್ಕೂ ವೈನಿಯ ಕಾಲು ನನ್ನ ಕಾಲಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಮೆಲ್ಲಗೆ ಅಲ್ಲ, ಕಾಲುಂಗುರ ಊರುವಂತೆ. ತಾಳಿಸರದಿಂದ ಪಿನ್ನು ಬಿಚ್ಚಿ ದಾರವನ್ನು ಎಳೆ ಎಳೆಯಾಗಿ ಬಿಡಿಸಿದರು. ಬಿಡಿಸಿದ್ದೆಲ್ಲ ಅವರ ಮುಷ್ಟಿಯಲ್ಲಿ ಅಡಗಿತು. ಅವ್ವ ಚಹ ತಂದಾಗ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಜುಂಗು ಉದುರಿಸುತ್ತಿದ್ದರು.

"ಏನಾಗಿತ್ತವ್ವ ಇದಕ್ಕ?"

"ಧೂಳರಿ ಅವ್ವಾರ. ನಾಶಿಕದಾಗ ಎಲ್ಲೆಲ್ಲೂ ಬಿಲ್ಡಿಂಗ ಕಟ್ಟತಾರ, ಅದರ ಧೂಳ ಇದರ ಫ್ಯಾನಿಗಿ ಕುಂತಿತ್ತು. ಆ ಬಿಲ್ಡಿಂಗಿನವರಿಗಿ ಬೈರಿ."

"ನಾವ ಕಟ್ಟೋರಲ್ಲ" ಎಂದು ಅವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಕಂಪ್ಯೂಟರ್ ಚಾಲೂ ಆಯಿತು, ಫ್ಯಾನು ತಿರುಗಿತು. ಅವ್ವ ಕೌದಿ ಎತ್ತಿಕೊಂಡು ಹೊದಿಸಲು ಬಂದಳು. ವೈನಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತಮ್ಮ ಹೊಟ್ಟೆಯ ಮೇಲೆ ಹರವಿಕೊಂಡರು. "ಇದನ್ನ ನನಗ ಕೊಡ್ರಿ ಅವ್ವಾರ."

"ಇದನ್ನ? ಇದು ಡಬ್ಬಿಗಿ ಹೊಲದದ್ದು. ಕೂಸಿಗಿ ಹೊಸಾದ ಹೊಲದು ಕೊಡತೀನಿ."

"ಹೊಸಾದ ಬ್ಯಾಡ್ರಿ. ನಿಮ್ಮ ಮಗಳ ಸಾಲಿ ಲಂಗ ಅದಾವ ಇದರಾಗ. ಹೊಚಗೊಂಡು ನನ್ನ ಕೂಸೂ ಆಕಿಯಂಗ ಓದಲಿ."

"ಮತ್ತ ಕಂಪ್ಯೂಟರಿಗಿ?"

"ಅದಕ್ಕ ನಮ್ಮಂಗ ಸೆರಗ ಬೇಕೇನ್ರಿ? ಗಂಡಸರು ಬ್ಯಾಸಗ್ಯಾಗ ಬನೀನ ಮ್ಯಾಲ ಕೂಡತಾರಲ್ಲ, ಹಂಗ ಇರಲಿ ಬಿಡ್ರಿ."

ಅವ್ವ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಅವರ ಗದ್ದ ಮುಟ್ಟಿ "ನನ ಮಗಳ" ಎಂದಳು. ಅದುವರೆಗೆ ಆ ಮಾತು ನನ್ನದಾಗಿತ್ತು.

ನನ್ನ ವರದಿ ಸಮಯಕ್ಕೆ ಮುಗಿಯಿತು, ಡಿಗ್ರಿಯೂ ಬಂತು. ಅದಕ್ಕೆ ವೈನಿ ಕಾರಣವೆಂದು ಯಾರಾದರೂ ಅಂದರೆ ಒಪ್ಪುವುದಿಲ್ಲ, ಓದಿದವಳು ನಾನು. ಆದರೆ ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಉತ್ತರ ಹೇಳಿ ಗೆಲ್ಲುವುದು. ಅವರು ಉತ್ತರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಗೆದ್ದರು. ತಿಂಗಳುಗಟ್ಟಲೆ ಹೊಲಿದ ಕೈಗೆ, ನಿನ್ನ ಹೊಲಿಗೆಯೇ ಮಗಳ ಮಶೀನು ಕೆಡಿಸಿತು ಎಂಬ ಮಾತು ಮುಟ್ಟದಂತೆ ನೋಡಿಕೊಂಡರು. ನನ್ನನ್ನು ಹೊಗಳಿಯೇ ನನ್ನ ಕೌದಿಯನ್ನು ಒಯ್ದರು. ಯಾವುದಕ್ಕೆ ಸಿಟ್ಟಾಗಬೇಕೆಂದೂ ತಿಳಿಯದಂತೆ ಮಾಡಿದರು...

ಹೆಣ್ಣು ಮಗು ಹುಟ್ಟಿತು. ವೈನಿ ತವರಿನಿಂದ ಅದನ್ನು ನಮ್ಮ ಕೌದಿಯಲ್ಲೇ ಸುತ್ತಿಕೊಂಡು ಬಂದರು. ಮಗು ನಡೆಯುವ ಹೊತ್ತಿಗೆ ಅವರ ಗಂಡನಿಗೆ ಔರಂಗಾಬಾದಿಗೆ ಬದಲಿಯಾಯಿತು, ಆಗ ಈ ಊರಿಗೆ ಆ ಹೆಸರೇ ಇತ್ತು. ಕೆಲವು ವರ್ಷದ ಮೇಲೆ ನನಗೂ ಇಲ್ಲೇ ನೌಕರಿ ಸಿಕ್ಕಿತು, ಆದರೆ ಅಷ್ಟರಲ್ಲಿ ಅವರು ಬೀದರಿಗೆ ಹೋಗಿಬಿಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗಿದ್ದಾಳೆ. ಪ್ರತಿ ರವಿವಾರ ನಾನು ನಂಬರ್ ಹಚ್ಚಿ ಫೋನನ್ನು ಅವಳ ಕೈಗೆ ಕೊಡಬೇಕಾಗಿತ್ತು. ಆ ಕಡೆಯಿಂದ "ಅವ್ವಾರ" ಎಂದು ಕೇಳಿಸಿದರೆ ಅವಳ ಮುಖ ಬೇರೆಯೇ ಆಗುತ್ತಿತ್ತು. ವಾರವೆಲ್ಲ ಅವಳ ಗುಳಿಗೆ, ಗಂಜಿ, ದವಾಖಾನೆ ನೋಡುವವಳು ನಾನು. ಆ ಮುಖ ರವಿವಾರದ ಫೋನಿಗೆ ಮೀಸಲು.

ಈ ಸಲ ಮಶೀನನ್ನು ನಾನೇ ಬಿಚ್ಚಿದೆ. ಬರೀ ಧೂಳಿತ್ತು, ನಿಜವಾದ ಧೂಳು. ತೆಗೆದೆ, ಫ್ಯಾನು ತಿರುಗಿತು. ವೈನಿಗೆ ಹೇಳಬೇಕೆನಿಸಿತು. ಹೇಳಲು ವೈನಿ ಇಲ್ಲ. ಹೋದ ತಿಂಗಳು ಅವರ ನಂಬರಿನಿಂದ ಅವರ ಮಗಳು ಫೋನ್ ಮಾಡಿ, ಅವರು ತೀರಿಕೊಂಡದ್ದನ್ನು ಹೇಳಿದಳು. ಬಹಳ ದಿನದ ಕಾಯಿಲೆಯಂತೆ. ನಮಗೆ ಯಾರಿಗೂ ತಿಳಿಸಬಾರದೆಂದು ಹೇಳಿದ್ದರಂತೆ.

ಅವ್ವನಿಗೆ ಎದೆಯ ತೊಂದರೆಯಿದೆ. ಅವಳಿಗೆ ನಾನಿನ್ನೂ ಹೇಳಿಲ್ಲ. ರವಿವಾರ ಬಂದರೆ ಫೋನ್ ಹತ್ತುತ್ತಿಲ್ಲ ಅನ್ನುತ್ತೇನೆ. ಮೂರನೆಯ ರವಿವಾರಕ್ಕೆ ಅವ್ವ ಅರ್ಧ ರೊಟ್ಟಿಗೇ ಕೈ ತೊಳೆದಳು. "ನಾ ಏನರ ತಪ್ಪ ಮಾತಾಡಿದ್ನೇನ ಆಕಿಗಿ? ಸಿಟ್ಟಾಗ್ಯಾಳೇನ?" ಎಂದಳು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಒಳಗಿನ ಕೋಣೆಗೆ ಹೋಗಿ ಸುಮ್ಮನೆ ಫೋನ್ ಕಿವಿಗಿಟ್ಟುಕೊಂಡು ನಿಂತೆ. ಹೊರಗೆ ಬಂದು, ಮಾತಾಡಿದೆ, ಆರಾಮ ಇದ್ದಾರೆ, ನಿನಗೆ ಕೊಡುವಷ್ಟರಲ್ಲಿ ಲೈನು ಕಟ್ಟಾಯಿತು ಎಂದೆ.

"ಏನಂದ್ಲು?"

ಏನಂದಾರು? ವಾಡೆಯ ಜಿನೆಯ ಮೇಲೆ ನಿಂತ ಅವರನ್ನು ನೆನೆಸಿಕೊಂಡು ಹೇಳಿದೆ. "ಅವ್ವಾರು ಇನ್ನೂ ಶೇಂಗಾ ಹಿಂಡಿ ಕುಟ್ಟತಾರೋ, ಇಲ್ಲಾ ಆ ಲೆಕ್ಕದಾಕಿ ಕೈಯಾನ ಅಡಗಿ ಉಂಡು ಸೊರಗ್ಯಾರೋ ಅಂದ್ರು."

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಭುಜ ಕುಲುಕುವ ಹಾಗೆ ನಕ್ಕಳು. "ಆಕೀದೇ ಮಾತದು. ನೀ ಎಂದರ ಹಂಗ ಮಾತಾಡೀಯೇನ?"

ಆ ಮಾತು ಕಟ್ಟಿದ್ದು ನಾನು.

ಇವತ್ತು ಬೆಳಿಗ್ಗೆಯಿಂದ ಅವ್ವ ಒಳಗೆ ಶೇಂಗಾ ಹುರಿದು, ಖಾರ ಬೆರೆಸಿ ಹಿಂಡಿಯ ಚಟ್ನಿಪುಡಿ ಕುಟ್ಟುತ್ತಿದ್ದಾಳೆ, ಬೀದರಿಗೆ ಕಳಿಸಬೇಕಂತೆ. ಕುಟ್ಟುವುದನ್ನು ನಡುವೆ ನಿಲ್ಲಿಸಿ, ಒಂದು ದೊಡ್ಡ ಡಬ್ಬಿ ತೊಳೆದು ಒಣಗಿಸಿಡು ಎಂದು ಕೂಗಿದಳು. ಇದಿಷ್ಟು ಬರೆದು ಏಳುತ್ತಿದ್ದೇನೆ, ತೊಳೆಯಬೇಕು.