ಬಿಚ್ಚಿ ನೋಡದೆ ಹೇಳದವರು

ಹೋದ ವಾರ ಚಟ್ನಿಗೆಂದು ಕಾಯಿ ಒಡೆಯುವಾಗ ಒಂದಿಷ್ಟು ನೀರು ಈಳಿಗೆಯ ಮೇಲೆ ಚೆಲ್ಲಿತು. ಅಷ್ಟರಲ್ಲಿ ಯಾರದೋ ಫೋನು ಬಂತು, ಒರೆಸುವುದು ಮರೆತೇ ಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅಲಗಿನ ಉದ್ದಕ್ಕೂ ಕೆಂಪಗೆ ತುಕ್ಕು. ತಿಕ್ಕಲೆಂದು ಕೈಗೆ ತೆಗೆದುಕೊಂಡೆ. ಹುಳಿಯಾದ ಕಾಯಿನೀರಿನ ವಾಸನೆ, ಕಬ್ಬಿಣದ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು... ಗಡಹಿಂಗ್ಲಜದ ನನ್ನ ಅಡುಗೆಮನೆಯಲ್ಲಿ ನಿಂತವಳು ಇಪ್ಪತ್ತೈದು ವರ್ಷ ಹಿಂದಕ್ಕೆ, ಕೊರೋಚಿಯ ನಮ್ಮ ಮಗ್ಗದ ಶೆಡ್ಡಿಗೆ ಹೋಗಿಬಿಟ್ಟೆ. ಅಲ್ಲಿ ಜಾಬರ್ ಕಾಕಾ ಬೆರಳ ತುದಿಗೆ ಹತ್ತಿದ ತುಕ್ಕನ್ನು ನಮ್ಮಪ್ಪನಿಗೆ ತೋರಿಸುತ್ತ ನಿಂತಿದ್ದರು.

ಇಚಲಕರಂಜಿಯ ಸುತ್ತಮುತ್ತ ವಿದ್ಯುತ್ ಮಗ್ಗ ರಿಪೇರಿ ಮಾಡುವವರಿಗೆ ಜಾಬರ್ ಎನ್ನುತ್ತಾರೆ. ಅಪ್ಪನಿಗಿದ್ದ ಎಂಟು ಮಗ್ಗಗಳಿಗೂ ಈ ಕಾಕಾನೇ ವೈದ್ಯರು. ದತ್ತವಾಡದ ಜೈನ ರೈತರ ಮನೆಯವರು. ಕಬ್ಬಿನ ಹೊಲವನ್ನು ಅಣ್ಣನಿಗೆ ಬಿಟ್ಟು ಮಗ್ಗಗಳ ಸಪ್ಪಳ ಹುಡುಕಿಕೊಂಡು ಬಂದಿದ್ದರು. ಉಳಿದ ಜಾಬರುಗಳು ಬಾಗಿಲಲ್ಲೇ ನಿಂತು, ಬಾಯೊಳಗಿನ ತಂಬಾಕು ಕೂಡ ಉಗುಳದೆ, ಸದ್ದು ಕೇಳಿಯೇ ರೋಗ ಹೇಳಿಬಿಡುತ್ತಿದ್ದರು. ಮಾಲಕರಿಗೂ ಅಂಥವರೇ ಇಷ್ಟ. ಕಾಕಾ ಮಾತ್ರ ಯಾವ ಮಗ್ಗದ ಮುಂದೆ ನಿಂತರೂ ಒಂದೇ ಮಾತು.

“ಗೊತ್ತಿಲ್ರಿ ಮಾಲಕ್ರ. ಬಿಚ್ಚಿ ನೋಡೂಣು.”

ಬಿಚ್ಚುವುದೆಂದರೆ ಮಗ್ಗ ನಿಲ್ಲಿಸಬೇಕು. ನಿಂತ ಮಗ್ಗದಿಂದ ಅಪ್ಪನಿಗೆ ನಷ್ಟ. “ಮೂವತ್ತ ವರ್ಷ ಆತು, ಇನ್ನೂ ಸಪ್ಪಳ ಕೇಳಿ ಗೊತ್ತಾಗೂದಿಲ್ಲೇನ್ರಿ ನಿಮಗ?” ಎಂದು ಸಿಡುಕುತ್ತಿದ್ದರು. ಕಾಕಾ ನಟ್ಟು ಬಿಚ್ಚುವ ಪಾನೆ ಹಿಡಿದು ಕೆಳಗೆ ಕೂತೇ ಬಿಡುತ್ತಿದ್ದರು. ಆದರೆ ಅವರು ಬಿಚ್ಚಿ ನೋಡಿ ಹೇಳಿದ್ದು ಒಂದು ಸಲವೂ ಸುಳ್ಳಾದದ್ದನ್ನು ನಾನು ಕಾಣಲಿಲ್ಲ.

ಆಗ ನನಗೆ ಇಪ್ಪತ್ತಮೂರು. ಕೊಲ್ಹಾಪುರದಲ್ಲಿ ಎಂ.ಎ. ಮುಗಿಸಿ, ಡಿಗ್ರಿಯ ಜೊತೆಗೆ ನಾಸ್ತಿಕತೆಯನ್ನೂ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಿದ್ದೆ. ಕೊರಳಿನ ಲಿಂಗ ತೆಗೆದಿಟ್ಟಿದ್ದೆ. ಅವ್ವ ಅತ್ತಳು, ಅಪ್ಪ ಎರಡು ತಿಂಗಳು ಮಾತು ಬಿಟ್ಟರು, ನಾನು ಜಗ್ಗಲಿಲ್ಲ. ಈಗಲೂ ಜಗ್ಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೇವರಿಲ್ಲ ಎಂದು ಕಂಡಕಂಡವರ ಜೊತೆ ವಾದಕ್ಕಿಳಿಯುತ್ತಿದ್ದೆ. ಬಸದಿಗೂ ಹೋಗದ, ಯಾವ ಸ್ವಾಮಿಗೂ ಕೈಮುಗಿಯದ ಕಾಕಾ ನನ್ನ ಪಕ್ಷದವರೇ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಚಹಾದ ಹೊತ್ತಿಗೆ ಶೆಡ್ಡಿಗೆ ಹೋಗಿ ಅವರ ಪಕ್ಕ ಕೂರುತ್ತಿದ್ದೆ.

“ದೇವರಿಲ್ಲ, ಹೌದಲ್ರಿ ಕಾಕಾ?” ಎಂದು ಒಮ್ಮೆ ಕೇಳಿದೆ.

“ಗೊತ್ತಿಲ್ಲ ಯವ್ವಾ.”

“ಗೊತ್ತಿಲ್ಲ ಅಂದ್ರ ಹೆಂಗ? ಈ ಮಗ್ಗದೊಳಗ ಆನಿ ಐತೇನು ಅಂದ್ರೂ ಗೊತ್ತಿಲ್ಲ ಅಂತೀರೇನು?”

ಅವರು ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾ ಮುಗಿಸಿದರು. “ಮಗ್ಗ ಬಿಚ್ಚೇನಿ, ಆನಿ ಇಲ್ಲ. ನೀ ಕೇಳಾಕತ್ತಿದ್ದನ್ನ ಎಲ್ಲಿ ಬಿಚ್ಚಲಿ ಹೇಳು?”

ನನಗೆ ಉರಿಯಿತು. ಬಿಚ್ಚಲು ಒಂದು ನಟ್ಟೂ ಇಲ್ಲದ ವಸ್ತು ಇದೆ ಎನ್ನುವವರೇ ತೋರಿಸಬೇಕು, ತೋರಿಸುವವರೆಗೆ ಅದು ಇಲ್ಲ, ಇದು ನನ್ನ ವಾದ. ತೋರಿಸುವವರೆಗೆ ಗೊತ್ತಿಲ್ಲ, ಇದು ಅವರದು. ಪುಸ್ತಕದಲ್ಲಿ ನಿಮ್ಮಂಥವರಿಗೆ ಅಜ್ಞೇಯವಾದಿ ಎನ್ನುತ್ತಾರೆ ಎಂದು ಹೇಳಿದೆ. “ಅಷ್ಟ ದೊಡ್ಡ ಹೆಸರ ಬ್ಯಾಡವಾ, ಜಾಬರ ಸಾಕು,” ಎಂದು ನಕ್ಕರು. ಹಾಗಾದರೆ ನಿಮ್ಮ ಜೈನ ಧರ್ಮದಲ್ಲೇ ‘ಹೀಗಿರಬಹುದು, ಹಾಗಿರಬಹುದು’ ಎಂಬ ಸ್ಯಾದ್ವಾದ ಕಲಿಸುತ್ತಾರಲ್ಲ ಎಂದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. “ಬಸದ್ಯಾಗ ಕಲ್ತದ್ದಲ್ಲ ಇದು. ಮಗ್ಗದ ಬುಡಕ ಅಂಗಾತ ಮಲಗಿ ಕಲ್ತದ್ದು!”

ಆ ವರ್ಷ ಅಪ್ಪ ಇನ್ನೊಂದು ಮಗ್ಗ ತಂದರು. ಕಾಕಾ ಎಂಟು ದಿನ ಹಗಲೆಲ್ಲ ದುಡಿದು ಅದನ್ನು ಕೂಡಿಸಿದರು. ಆಯುಧಪೂಜೆಯ ಖಂಡೇನವಮಿ ಬಂತು. ಅಂದು ಊರಿನ ಮಗ್ಗಗಳೆಲ್ಲ ನಿಂತು, ತೊಳೆಸಿಕೊಂಡು, ಚೆಂಡು ಹೂವಿನ ಮಾಲೆ ಹಾಕಿಸಿಕೊಳ್ಳುತ್ತವೆ. ಹೊಸ ಮಗ್ಗವಾದರೆ ಅದನ್ನು ಕೂಡಿಸಿದ ಜಾಬರನೇ ಮೊದಲ ಕಾಯಿ ಒಡೆಯಬೇಕು, ಇದು ನಮ್ಮ ಕಡೆಯ ಪದ್ಧತಿ. ಅಪ್ಪ ಕಾಯಿ ಚಾಚಿದರು. ಕಾಕಾ ಕೈ ಹಿಂದೆ ಕಟ್ಟಿಕೊಂಡರು.

“ನೀವ ಒಡೀರಿ ಮಾಲಕ್ರ. ನಾ ಚೂರ ತಿಂತೀನಿ.”

“ಯಾಕ? ದೇವರಿಲ್ಲ ಅಂತೀರೇನು?”

“ಹಂಗೂ ಅನ್ನೂದಿಲ್ರಿ. ಒಡದ್ರ ಐತಿ ಅಂತ ನಾ ಸಾಕ್ಷಿ ಹೇಳಿದಂಗ ಆಕ್ಕೈತಿ. ಗೊತ್ತಿಲ್ಲದ್ದಕ ನಾ ಸಾಕ್ಷಿ ಹೇಳಂಗಿಲ್ಲ.”

ಶೆಡ್ಡು ತುಂಬ ಜನ. ನೇಕಾರರು, ಅವರ ಹೆಂಡಿರು ಮಕ್ಕಳು, ಅಕ್ಕಪಕ್ಕದ ಮಾಲಕರು. ಅಪ್ಪನ ಮುಖ ಕಪ್ಪಿಟ್ಟಿತು. ನನಗೋ, ಕುಣಿಯುವಷ್ಟು ಖುಷಿ. “ಹಂಗಾದ್ರ ಸರೀರಿ ಆಚೆ,” ಎಂದು ಅಪ್ಪ ತಾವೇ ಕಾಯಿಯನ್ನು ಮಗ್ಗದ ಚೌಕಟ್ಟಿಗೆ ಬಡಿದು ಒಡೆದರು, ನೀರನ್ನೆಲ್ಲ ಆ ಹೊಸ ಮಗ್ಗದ ಮೇಲೇ ಚಿಮುಕಿಸಿದರು. ಕಾಕಾ ಹೇಳಿದ ಹಾಗೆಯೇ ಕೊಬ್ಬರಿ ಚೂರು ಇಸಿದುಕೊಂಡು ತಿಂದರು, ಇನ್ನೊಂದು ಚೂರನ್ನೂ ಕೇಳಿದರು.

ಮರುದಿನ ದಸರಾ, ಅಂದೂ ರಜೆ. ಅದರ ಮರುದಿನ ಮಗ್ಗ ಶುರುವಾದ ಕೂಡಲೆ ಹೊಸದರಲ್ಲಿ ಎಳೆ ಕಡಿಯತೊಡಗಿದವು. ಗಂಟು ಹಾಕಿದಷ್ಟೂ ಕಡಿಯುತ್ತಿದ್ದವು. ಜಾಬರ ಕಾಯಿ ಒಡೆಯಲಿಲ್ಲ, ದೇವರಿಗೆ ಸಿಟ್ಟು ಬಂದಿದೆ ಎಂಬ ಮಾತು ಸಂಜೆಯೊಳಗೆ ಕೊರೋಚಿಯ ತುಂಬ ಹಬ್ಬಿತು. ಅಪ್ಪ ಇನ್ನೊಂದು ಕಾಯಿ ತರಿಸಿದರು. “ಈಗರ ಒಡೀರಿ, ನಿಮ್ಮ ಕಾಲ ಬೀಳ್ತೀನಿ,” ಎಂದರು.

“ಬಿಚ್ಚಿ ನೋಡೂಣು,” ಎಂದರು ಕಾಕಾ.

ಫಣಿಯನ್ನು ಹೊರಗೆ ತೆಗೆದರು. ಫಣಿ ಎಂದರೆ ಎಳೆಗಳು ಹಾದುಹೋಗುವ ಉಕ್ಕಿನ ಬಾಚಣಿಗೆ. ಅದರ ಹಲ್ಲುಗಳ ಮೇಲೆ ಒಂದು ಗೇಣು ಅಗಲಕ್ಕೆ ತುಕ್ಕು ಹಿಡಿದಿತ್ತು; ನೂಲು ಅದಕ್ಕೆ ತಿಕ್ಕಿ ತಿಕ್ಕಿ ಕಡಿಯುತ್ತಿತ್ತು. ಕಾಕಾ ಬೆರಳಾಡಿಸಿ, ಮೂಸಿ, ಅಪ್ಪನ ಮೂಗಿಗೂ ಹಿಡಿದರು. ಕಾಯಿನೀರು! ಪ್ರತಿ ವರ್ಷ ಕಾಯಿನೀರು ಚಿಮುಕಿಸುವ ಮುಂಚೆ ಕಾಕಾ ಒಂದೊಂದು ಫಣಿಗೂ ಎಣ್ಣೆಬಟ್ಟೆ ಹೊದಿಸುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ, ಅದೂ ಪೂಜೆಯದೇ ಒಂದು ಭಾಗ ಎಂದುಕೊಂಡಿದ್ದೆವು. ಈ ಸಲ ಆಚೆ ಸರಿ ಎಂದು ಕಳಿಸಿದವರು ನಾವೇ.

ಅಪ್ಪ ತಪ್ಪಾಯಿತೆಂದು ಹೇಳಿದರು, ನಿಜಕ್ಕೂ ಹೇಳಿದರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಬಿಡದವಳು ನಾನು.

ಕೊಲ್ಹಾಪುರದಲ್ಲಿ ನಮ್ಮದೊಂದು ಗೆಳೆಯರ ಗುಂಪಿತ್ತು, ಎಲ್ಲರೂ ನನ್ನ ಹಾಗೇ ಬಿಸಿರಕ್ತದವರು. ತುಕ್ಕಿನ ಕಥೆ ಕೇಳಿ ಹುಚ್ಚೆದ್ದರು. ಒಂದು ಸಭಾಗೃಹ ಹಿಡಿದೆವು. ವೇದಿಕೆಯ ಹಿಂದೆ ಬ್ಯಾನರು ಕಟ್ಟಿದೆವು: ‘ನಾಸ್ತಿಕ ಜಾಬರರಿಗೆ ಸತ್ಕಾರ’. ಆ ಸಾಲು ಬರೆದವಳು ನಾನು. ಸುಮ್ಮನೆ ಒಂದು ಚಹಾದ ಕಾರ್ಯಕ್ರಮ ಎಂದು ಹೇಳಿ ಕಾಕಾನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಉಗುರಿನೊಳಗಿನ ಎಣ್ಣೆ ಹೋಗಲೆಂದು ಸೀಮೆಎಣ್ಣೆಯಲ್ಲಿ ತಿಕ್ಕಿದ್ದರು, ಇಡೀ ದಾರಿ ಅದರ ವಾಸನೆ...

ಬ್ಯಾನರ್ ಓದಿ ಅವರ ನಡಿಗೆ ನಿಧಾನವಾಯಿತು. ಆದರೂ ವೇದಿಕೆ ಹತ್ತಿದರು. ಅಧ್ಯಕ್ಷರು ಶಾಲು ಹೊದಿಸಿದರು. ನಮ್ಮ ಕಡೆ ಸತ್ಕಾರವೆಂದರೆ ಶಾಲು, ಶ್ರೀಫಲ. ಮದುವೆಯಿರಲಿ, ಪಾರ್ಟಿಯ ಸಭೆಯಿರಲಿ, ಅದು ತಪ್ಪುವುದಿಲ್ಲ. ದೇವರಿಲ್ಲ ಎಂದು ಸಾರಲು ಸೇರಿದ ನಾವೂ ಯೋಚಿಸದೆ ಅದನ್ನೇ ತಂದಿದ್ದೆವು. ಅಧ್ಯಕ್ಷರು ಜುಟ್ಟಿದ್ದ, ಕುಂಕುಮ ಹಚ್ಚಿದ ತೆಂಗಿನಕಾಯಿಯನ್ನು ಕಾಕಾನ ಕೈಗಿಟ್ಟರು.

ಕಾಕಾ ಕಾಯಿ ನೋಡಿದರು, ನಮ್ಮನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೈಕಿನ ಮುಂದೆ ಬಂದು ತಮ್ಮ ಅರ್ಧ ಕನ್ನಡದ ಮರಾಠಿಯಲ್ಲಿ ಮಾತಾಡಿದರು. ಕೊರೋಚಿಯಲ್ಲಿ ಒಡೆ ಅಂದರು, ಇಲ್ಲಿ ಹಿಡಿ ಅನ್ನುತ್ತೀರಿ, ಎರಡೂ ಕಡೆ ಕಾಯಿ ಅದೇ. ನಾನು ನೋಡಿದ್ದು ತುಕ್ಕು. ತುಕ್ಕು ಕಂಡಿತೆಂದು ದೇವರಿದ್ದಾನೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ. ಆ ಬ್ಯಾನರಿನಲ್ಲಿರುವ ಮನುಷ್ಯ ನಾನಲ್ಲ. “ಮಲಾ ಮಾಹೀತ ನಾಹೀ,” ಎಂದರು, ನನಗೆ ಗೊತ್ತಿಲ್ಲ ಎಂದು, ಎರಡು ಸಲ. ಕಾಯಿಯನ್ನು ಮೇಜಿನ ಮೇಲಿಟ್ಟು ಇಳಿದುಬಿಟ್ಟರು.

ಹಿಂದಿನ ಸಾಲಿನಿಂದ ಯಾರೋ ಹೇಡಿ ಎಂದು ಕೂಗಿದರು. ಹೊರಗೆ ಬಂದು ನಾನೂ ಅದನ್ನೇ ಅಂದೆ. “ಹೆದರಿದ್ರಿ ನೀವು. ಇಲ್ಲ ಅನ್ನಾಕ ಎದಿ ಬೇಕ್ರಿ,” ಅಂದೆ.

“ಐತಿ ಅನ್ನಾಕ ನಿಮ್ಮಪ್ಪನ ಕಡೆ ಮಂದಿ ಐತಿ,” ಎಂದರು ಅವರು. “ಇಲ್ಲ ಅನ್ನಾಕ ನಿನ್ನ ಕಡೆ ಮಂದಿ ಐತಿ. ನನ್ನ ಕಡೆ ಯಾರದಾರ ಯವ್ವಾ?”

ನಾನು ಮುಖ ತಿರುಗಿಸಿಕೊಂಡು ಸ್ಟ್ಯಾಂಡಿನ ಕಡೆ ನಡೆದೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ.

ಅವರು ವೇದಿಕೆಯಲ್ಲಿ ಏನು ಹೇಳಿದರೆಂದು ಯಾರಿಗೂ ಬೇಕಾಗಲಿಲ್ಲ. ಬ್ಯಾನರಿನ ಫೋಟೋ ಮಾತ್ರ ಊರೂರು ತಿರುಗಿತು. ಒಬ್ಬೊಬ್ಬರಾಗಿ ಮಾಲಕರು ಅವರನ್ನು ಕರೆಯುವುದು ಬಿಟ್ಟರು. ದೇವರಿಲ್ಲ ಎನ್ನುವವನ ಕೈ ಮಗ್ಗಕ್ಕೆ ಬೇಡ ಎಂದರು. ನಾಲ್ಕು ಜನರ ಮಾತಿಗೆ ಹೆದರಿ ಅಪ್ಪನೂ ಬೇರೆ ಜಾಬರನನ್ನು ಹಿಡಿದರು. ನಾನು ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು: ಅವರಲ್ಲ, ನಾಸ್ತಿಕಳು ನಾನು, ಬ್ಯಾನರ್ ನನ್ನದು. ಹೇಳಲಿಲ್ಲ. ನನ್ನನ್ನು ಸಭೆಯಲ್ಲಿ ತಲೆತಗ್ಗಿಸುವಂತೆ ಮಾಡಿದರಲ್ಲ, ಅನುಭವಿಸಲಿ ಎನ್ನಿಸಿತ್ತು. ಹೌದು, ಹಾಗೇ ಎನ್ನಿಸಿತ್ತು. ಅವರು ಪಾನೆಗಳ ಪೆಟ್ಟಿಗೆ ಸೈಕಲ್ಲಿಗೆ ಕಟ್ಟಿಕೊಂಡು ಕೊರೋಚಿ ಬಿಟ್ಟರು. ಎದೆ ಬೇಕು ಎಂದು ಅವರಿಗೆ ಪಾಠ ಹೇಳಿದವಳ ಎದೆ ಅಷ್ಟೇ ಇತ್ತು.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ. ನಾನು ಗಡಹಿಂಗ್ಲಜದ ಕಾಲೇಜಿಗೆ ಸೇರಿ ಹತ್ತು ವರ್ಷವಾಗಿತ್ತು. ಸಂತೆಯಲ್ಲಿ ಕಬ್ಬಿನ ಹಾಲಿನ ಗಾಣದ ಬುಡದಲ್ಲಿ ಯಾರೋ ಮುದುಕರು ಮಲಗಿ ಪಾನೆ ತಿರುವುತ್ತಿದ್ದರು. ಅಂಗಡಿಯವನು ಏನಾಗಿದೆ ಎಂದು ಕೇಳಿದ್ದಕ್ಕೆ “ಗೊತ್ತಿಲ್ರಿ,” ಎಂಬ ದನಿ ಕೇಳಿತು. ನಾನು ಅಲ್ಲೇ ನಿಂತೆ. ಅವರೇ ಹೊರಗೆ ಬಂದು ಗುರುತು ಹಿಡಿದರು.

“ಏನ ಯವ್ವಾ, ದೇವರ ಇನ್ನೂ ಇಲ್ಲೇನು?”

“ಇಲ್ರಿ ಕಾಕಾ.”

“ಬೇಶ್. ಜಗ್ಗಬ್ಯಾಡ,” ಎಂದು ನಕ್ಕು, ಹಾಲು ಕುಡಿಸಿ ಕಳಿಸಿದರು. ತಪ್ಪಾಯಿತು ಎಂದು ಹೇಳದೆಯೇ ಬಂದೆ...

ನಾಲ್ಕು ತಿಂಗಳ ಹಿಂದೆ, ಕಾಕಾ ತೀರಿಕೊಂಡರೆಂದು ಅವರ ಮಗನ ಫೋನು ಬಂತು. ನಾನು ದತ್ತವಾಡ ಮುಟ್ಟಿದ್ದು ಮೂರನೆಯ ದಿನ, ಚಿತೆಯ ಬೂದಿ ಬಿಡುವ ರಕ್ಷಾವಿಸರ್ಜನೆ ಮುಗಿದ ಮೇಲೆ. ಅಂಗಳದಲ್ಲಿ ಊರಿನ ಹಿರಿಯರು ಕೂತಿದ್ದರು. ಓಣಿಯ ಬಾಯಿಗೆ ಕಟ್ಟುವ ಶ್ರದ್ಧಾಂಜಲಿಯ ಬ್ಯಾನರಿನ ಮಾತು ನಡೆದಿತ್ತು. ಹೆಸರಿನ ಹಿಂದೆ ‘ಧರ್ಮನಿಷ್ಠ’ ಎಂದು ಹಾಕಿಸಬೇಕು, ಹಳೇ ಅಪವಾದ ಅಳಿಸಿಹೋಗಲಿ ಎಂದು ಒಬ್ಬರು ಹೇಳುತ್ತಿದ್ದರು. ಮಗ ನನ್ನ ಕಡೆ ತಿರುಗಿದ. “ನಿಮಗ ಗೊತ್ತಿರಬೇಕ್ರಿ ಅಕ್ಕಾರ. ಅಪ್ಪ ಖರೇನ ಏನಿದ್ದ? ಏನ ಬರಸೂಣು?”

ಇಪ್ಪತ್ತೈದು ವರ್ಷದ ಮೇಲೆ ನನ್ನ ಮುಂದೆ ಇನ್ನೊಂದು ಬ್ಯಾನರು! ಎದ್ದು ನಿಂತೆ.

“ಆವತ್ತ ನಾಸ್ತಿಕ ಅಂತ ಬರದಾಕಿ ನಾನರಿ,” ಅಂದೆ. “ಅದು ಸುಳ್ಳು. ನಾಸ್ತಿಕಳು ನಾನು, ಇವತ್ತಿಗೂ ನಾನು. ಇವರಲ್ಲ. ಈಗ ಧರ್ಮನಿಷ್ಠ ಅಂತ ಬರದ್ರ ಅದೂ ಅಷ್ಟ ಸುಳ್ಳಾಕ್ಕೈತಿ. ಎರಡೂ ಅವರ ಮ್ಯಾಲ ಹಾಕಬ್ಯಾಡ್ರಿ. ಅವರು ಒಂದ ಹೆಸರ ಒಪ್ಪಿದ್ರು, ಅದನ್ನ ಬರಸ್ರಿ.”

ಹಿರಿಯರೊಬ್ಬರು ಗದರಿದರು, ಹೆಣ್ಣುಮಗಳು ಅಂಗಳದಲ್ಲಿ ನಿಂತು ಹೇಳುವ ಮಾತೇ ಇದು ಎಂದರು. ಹೇಳಬೇಕಾದ ದಿನ ಹೇಳಲಿಲ್ಲ, ಇವತ್ತು ಕೂರುವುದಿಲ್ಲ ಎಂದು ನಿಂತೇ ಇದ್ದೆ. ಮರುದಿನ ಮಗ ಓಣಿಯಲ್ಲಿ ಕಟ್ಟಿದ ಬ್ಯಾನರಿನ ಫೋಟೋ ಕಳಿಸಿದ. ಬಿಳಿ ಅಂಗಿಯ ಕಾಕಾ, ಕೆಳಗೆ ಹೆಸರು, ಹೆಸರಿನ ಹಿಂದೆ ‘ಜಾಬರ್’ ಎಂಬ ಒಂದೇ ಮಾತು.

ಅದರಿಂದ ನನ್ನ ತಪ್ಪು ತೊಳೆದುಹೋಯಿತೆಂದು ನಾನು ನಂಬುವವಳಲ್ಲ. ಅವರು ಇದ್ದಾಗ ಹೇಳಬೇಕಿತ್ತು.

ಈಳಿಗೆಯನ್ನು ಬೂದಿ ಹಾಕಿ ತಿಕ್ಕಿದೆ. ತುಕ್ಕು ಹೋಯಿತು, ಗೆರೆ ಉಳಿಯಿತು. ಕಾಕಾ ಈಗ ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ಎಲ್ಲಿಯೂ ಇಲ್ಲ ಎಂದೇ ಹೇಳುತ್ತೇನೆ. ದುಃಖವಾಯಿತೆಂದು ನಾನು ಮಾತು ಬದಲಿಸುವುದಿಲ್ಲ. ಬಿಚ್ಚಿ ನೋಡಿದೆಯಾ ಎಂದು ಕೇಳಲು ಒಬ್ಬರಿದ್ದರು. ಅವರೂ ಇಲ್ಲ.