ನಮ್ಮ ಮನೆಯಲ್ಲಿ ತಿಂಡಿ ತಿಂದಾಕೆ

ಇದನ್ನು ನಾನು ಮೂರು ಸಲ ಬರೆದಿದ್ದೇನೆ. ಮೊದಲ ಎರಡು ಸಲ ಇದರಲ್ಲಿನ ಒಂದು ಮಾತನ್ನು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರ ಬಾಯಲ್ಲಿ ಇಟ್ಟಿದ್ದೆ. ಆಡಿದ್ದು ನಾನು. ಆ ಜಾಗ ಬಂದಾಗ ಹೇಳುತ್ತೇನೆ.

ಸ್ವಾತಂತ್ರ್ಯ ಬಂದು ಏಳೋ ಎಂಟೋ ವರ್ಷವಾಗಿತ್ತು. ನಾನು ಮಿಷನ್ ಶಾಲೆಯೊಂದರಲ್ಲಿ ಮೇಷ್ಟ್ರು. ಮಂಡಿ ಮೊಹಲ್ಲಾದಲ್ಲಿ, ಬೆಲ್ಲದ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಅಮ್ಮನ ಜೊತೆ ವಾಸ. ಪ್ರತಿವರ್ಷ ನಮ್ಮ ಸಭೆಯಲ್ಲಿ ಸುವಾರ್ತೆಯ ವಾರ ಎಂದು ನಡೆಸುತ್ತಿದ್ದರು. ಕೊನೆಯ ದಿನ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, "ಮನೆಮನೆಗೆ ಹೋಗಿ ಯೇಸುವಿನ ಸುವಾರ್ತೆ ಹೇಳಲು ಯಾರು ಸಿದ್ಧರಿದ್ದೀರಿ?" ಎಂದು ಕೇಳುವರು. ಸಿದ್ಧರಿದ್ದವರು ಎದ್ದು ನಿಲ್ಲಬೇಕು. ಎಲ್ಲರೂ ನಿಲ್ಲುತ್ತಿದ್ದರು. ಕೂತೇ ಇರುವುದಕ್ಕೆ ಹೆಚ್ಚು ಧೈರ್ಯ ಬೇಕಿತ್ತು. ನಾನು ಸತತವಾಗಿ ಐದು ವರ್ಷ ನಿಂತವನು. ನಿಂತಾಗ ಕಣ್ಣು ತುಂಬಿ ಬರುತ್ತಿದ್ದುದೂ ಸುಳ್ಳಲ್ಲ. ಮನೆಗೆ ಬಂದು ಊಟ ಮಾಡುವಷ್ಟರಲ್ಲಿ ಎಲ್ಲ ಆರಿಹೋಗಿರುತ್ತಿತ್ತು.

ನಿಜವಾಗಿ ಮನೆಮನೆಗೆ ಹೋಗುತ್ತಿದ್ದವಳು ಒಬ್ಬಳೇ. ಊರವರು ಮಿಷನ್ ಅಮ್ಮ ಎನ್ನುತ್ತಿದ್ದರು. ಹುಟ್ಟಿದ ಕೇರಿಯ ಕಾರಣಕ್ಕೆ ಸಭೆಯೊಳಗೂ ಆಕೆಯನ್ನು ಯಾರೂ ಬಹುವಚನದಲ್ಲಿ ಮಾತಾಡಿಸುತ್ತಿರಲಿಲ್ಲ. ನಾನೂ ಇಲ್ಲ, ಈಗ ಬರೆಯುವಾಗಲೂ ಆ ಚಾಳಿ ಹೋಗಿಲ್ಲ. ಕಂಕುಳಲ್ಲಿ ಕೊಡೆ, ಬಟ್ಟೆಯ ಚೀಲದಲ್ಲಿ ಉಲ್ಲನ್ ದಾರ, ಹೆಣಿಗೆಯ ಕಡ್ಡಿ. ದೊಡ್ಡ ಮನೆಗಳ ಹೆಣ್ಣುಮಕ್ಕಳಿಗೆ ಸ್ವೆಟರ್ ಹೆಣೆಯುವುದನ್ನು ಕಲಿಸುತ್ತ, ಅವರ ಕೈ ಕೆಲಸದಲ್ಲಿದ್ದಾಗ ಯೇಸುವಿನ ವಿಷಯ ಹೇಳುತ್ತಿದ್ದಳು. ಸ್ವೆಟರಿನ ಆಸೆಗೆ ಜನ ಯೇಸುವನ್ನು ಸಹಿಸಿಕೊಳ್ಳುತ್ತಿದ್ದರು.

ಜಯಲಕ್ಷ್ಮಿಪುರಂನ ಒಂದು ಮನೆಯಲ್ಲಿ ಒಬ್ಬಳು ಸಹಿಸಿಕೊಳ್ಳುವ ಬದಲು ಕೇಳಿಸಿಕೊಂಡಳು. ಅರಮನೆಯ ಕೆಲಸದಲ್ಲಿದ್ದ ಬ್ರಾಹ್ಮಣರ ಮನೆಯ ಸೊಸೆ, ಗಂಡ ಸತ್ತವಳು, ಮೂವತ್ತರ ಆಸುಪಾಸು. ಸ್ವೆಟರ್ ಮುಗಿಯಿತು, ಕಾಲುಚೀಲ ಮುಗಿಯಿತು, ಕುಲಾವಿ ಮುಗಿಯಿತು. ಕಲಿಯಲು ಏನೂ ಉಳಿಯದಿದ್ದರೂ ಮಿಷನ್ ಅಮ್ಮನನ್ನು ಬರಹೇಳುತ್ತಿದ್ದಳಂತೆ. ಮಿಷನ್ ಅಮ್ಮ ಅವಳಿಗೆ ನನ್ನ ಮನೆಯ ಗುರುತು ಕೊಟ್ಟಿದ್ದಳು. ಎದ್ದು ನಿಂತವರೆಲ್ಲ ಹೇಳಿದಂತೆ ಮಾಡುತ್ತಾರೆಂದು ನಂಬಿದ್ದವಳು ಆಕೆ.

ಒಂದು ಬೆಳಿಗ್ಗೆ ಏಳರ ಹೊತ್ತಿಗೆ ನಮ್ಮ ಗಲ್ಲಿಯ ಬಾಯಲ್ಲಿ ಜಟಕಾ ನಿಂತಿತು. ಆ ಮನೆಯ ಸೊಸೆ ಒಬ್ಬಳೇ ಇಳಿದು ಬಂದಳು.

"ಮೇಷ್ಟ್ರ ಮನೆ ಇದೇನಾ? ನಾನು ಬಂದ್ಬಿಟ್ಟೆ. ನಿಮ್ಮ ಮತಕ್ಕೆ ಸೇರ್ಬೇಕು, ನನಗೆ ದೀಕ್ಷಾಸ್ನಾನ ಕೊಡ್ಸಿ."

ನನಗಿಂತ ಮೊದಲು ಅಮ್ಮ ಬಾಗಿಲಿಗೆ ಬಂದಳು. "ಬನ್ನಿ ತಾಯಿ, ಒಳೀಕ್ ಬನ್ನಿ. ಮೊದ್ಲು ತಿಂಡಿ. ಬರೀ ಒಟ್ಟೇಲಿ ಎಂಗ್ ಮಾತಾಡೋದು?"

ಅಮ್ಮನ ಸಡಗರಕ್ಕೆ ಕಾರಣವಿತ್ತು. ನಮ್ಮಲ್ಲಿ ಹೊಸದಾಗಿ ಬಂದವರಿಗೆ ಮೊದಲು ಅನ್ನ ಇಡುವುದು ವಾಡಿಕೆ. ಉಂಡವರು ಹಿಂದಕ್ಕೆ ಹೋಗುವಂತಿರಲಿಲ್ಲ, ಅವರ ಮನೆಯವರೇ ಬಿಟ್ಟುಕೊಳ್ಳುತ್ತಿರಲಿಲ್ಲ. ಅಮ್ಮನ ಅಪ್ಪ ಹಾಗೆ ಒಂದು ಊಟ ಮಾಡಿ ಇತ್ತ ಬಂದವರು. ಎಷ್ಟೋ ವರ್ಷದಿಂದ ಸಭೆಗೆ ಹಾಗೆ ಯಾರೂ ಬಂದಿರಲಿಲ್ಲ. ಅಮ್ಮ ಉಪ್ಪಿಟ್ಟು ಬಡಿಸಿದಳು. ಇಡ್ಲಿ ಎಂದು ನನ್ನ ಅಕ್ಕ ಹೇಳುತ್ತಾಳೆ, ಆದರೆ ಅವಳು ಆ ದಿನ ಊರಲ್ಲೇ ಇರಲಿಲ್ಲ. ಸೊಸೆ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿಂದಳು. ಎರಡನೇ ಸಲ ಕೇಳಿ ಹಾಕಿಸಿಕೊಂಡಳು ಎನ್ನುವುದನ್ನು ಅಮ್ಮ ಮುಂದೆಂದೋ ಸೇರಿಸಿರಬೇಕು.

ನಾನು ಓಡಿಹೋಗಿ ಅಯ್ಯನವರನ್ನೂ ಇಬ್ಬರು ಹಿರಿಯರನ್ನೂ ಕರೆತಂದೆ. ಸೊಸೆ ಅಡಿಗೆಮನೆಯಲ್ಲಿ, ನಾವು ಮುಂದಿನ ಕೋಣೆಯಲ್ಲಿ. ನಡುವೆ ಇದ್ದದ್ದು ಒಂದು ಪರದೆ.

"ಅರಮನೆ ಕಡೆಯೋರು ಕಣ್ರೀ. ಪೊಲೀಸ್ಗೆ ಕಂಪ್ಲೇಂಟ್ ಕೊಟ್ರೆ?" ಎಂದರು ಒಬ್ಬ ಹಿರಿಯರು.

"ಮಿಷನ್ನಿನ ಬಿಳೀ ದೊರೆಸಾನಿಗಳಿದ್ದಾಗ ಬಂದಿದ್ರೆ ಆಗ್ತಿತ್ತು. ಈಗ ನಮ್ಮನ್ನ ಕೇಳೋರ್ಯಾರು?" ಎಂದರು ಇನ್ನೊಬ್ಬರು. "ಮೇಷ್ಟ್ರೇ, ಸ್ಕೂಲಿನ ಗ್ರಾಂಟ್ ನಿಂತ್ರೆ ಮೊದ್ಲು ಮನೆಗ್ ಹೋಗೋರು ನೀವೇ."

ಅಯ್ಯನವರು ಕನ್ನಡಕ ಒರೆಸಿಕೊಂಡರು. "ಮನೆಯವರ ಒಪ್ಪಿಗೆ ಪತ್ರ ತರಲಿ. ಅಲ್ಲೀವರೆಗೂ ಅಲ್ಲೇ ಇದ್ದು ಪ್ರಾರ್ಥನೆ ಮಾಡ್ಲಿ."

"ಒಪ್ಪಿಗೆ ಪತ್ರವಾ?" ಅಮ್ಮ ನಡುವೆ ಬಂದಳು. "ನಮ್ಮಪ್ಪ ಯಾರತ್ರ ಬರೆಸ್ಕೊಂಡು ಬಂದಿತ್ತು ಅಯ್ಯನೋರೆ? ಇನ್ನೇನ್ ಅಲ್ಲೇ ಇರೋದು, ನಾನ್ ತಿಂಡಿ ಆಕ್ಬುಟ್ಟೆ!"

ಅಯ್ಯನವರು, "ಯಾಕಮ್ಮಾ ಹಾಕ್ದೆ?" ಎಂದರು. ಅಮ್ಮನ ಮುಖ ನೋಡಲಾಗಲಿಲ್ಲ.

ಆಗ ಬಂದದ್ದು ಆ ಮಾತು. "ತಿಂದಿದ್ದು ಯಾರಿಗೆ ಗೊತ್ತಾಗುತ್ತೆ? ಏನೂ ತಿನ್ಲಿಲ್ಲ ಅಂತ ಹೇಳಿದ್ರಾಯ್ತು." ಹೇಳಿದ ಧ್ವನಿ ನನ್ನದು. ಹಿರಿಯರಿಬ್ಬರೂ ಹಗುರಾದವರಂತೆ ತಲೆಯಾಡಿಸಿದರು.

ಪರದೆ ಸರಿಯಿತು. "ಹಾಗೆ ಹೇಳಬಹುದಾ ಮೇಷ್ಟ್ರೇ?" ಎಂದು ಸೊಸೆ ಕೇಳಿದಳು. ಅದರಲ್ಲಿ ಕುಹಕವಿರಲಿಲ್ಲ. ತನಗಿನ್ನೂ ಹೇಳಿಕೊಟ್ಟಿರದ ಪಾಠವೊಂದನ್ನು ನನ್ನಿಂದ ಕೇಳುತ್ತಿದ್ದಳು. ನಾನು ಜಟಕಾ ತರಲು ಹೋದೆ.

ಅವಳನ್ನು ವಾಪಸ್ಸು ಬಿಟ್ಟುಬರುವ ಕೆಲಸ ನನ್ನದಾಯಿತು. ಜಯಲಕ್ಷ್ಮಿಪುರಂನ ಮನೆಯ ಗೇಟಿನಲ್ಲಿ ಅವಳ ಮೈದುನ ನಿಂತಿದ್ದ.

"ಎಲ್ಲಿಗ್ ಹೋಗಿದ್ರಿ ಅತ್ತಿಗೆ?"

ಅವಳು ಹೇಳಿದಳು.

"ಅಲ್ಲೇನಾದ್ರೂ ತಗೊಂಡ್ರಾ?" ಅವನ ದನಿ ಬೇಡಿಕೊಳ್ಳುವಂತಿತ್ತು. ಇಲ್ಲ ಎಂದಿದ್ದರೆ ಅವನು ಸುಮ್ಮನೆ ನಂಬಿಬಿಡುತ್ತಿದ್ದ. ಇದೊಂದು ನನಗೆ ಖಂಡಿತವಾಗಿ ನೆನಪಿದೆ.

"ಉಪ್ಪಿಟ್ಟು ತಿಂದೆ. ಕಾಫಿ ಕುಡಿದೆ."

ಅವನು ನನ್ನ ಕಡೆ ತಿರುಗಿದ. "ಮತ್ಯಾಕ್ರೀ ಕರ್ಕೊಂಡ್ ಬಂದ್ರಿ? ಇನ್ನು ಅವ್ರು ನಿಮ್ಮೋರು." ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸೊಸೆ ವರಾಂಡದಲ್ಲಿ ಕೂತಳು. ನಾನು ಗೇಟಿನ ಹೊರಗೆ ನಿಂತೆ. ನಿಮ್ಮೋರು ಎಂದು ಆ ಮನುಷ್ಯ ಹೇಳಿದ್ದ. ಅವಳನ್ನು ನಮ್ಮೋರು ಎನ್ನುವವರು ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಅಮ್ಮನ ಹೊರತು ಯಾರೂ ಇರಲಿಲ್ಲ. ಗೇಟು ತೆರೆದೇ ಇತ್ತು. ಹತ್ತು ಹೆಜ್ಜೆ. ನಾನು ನಿಂತೇ ಇದ್ದೆ.

ಮಧ್ಯಾಹ್ನಕ್ಕೆ ಮೊದಲು ಮಿಷನ್ ಅಮ್ಮ ಬಂದಳು. ಅದು ಆ ಮನೆಗೆ ಆಕೆ ಬರುವ ದಿನ. "ಅಯ್ಯನೋರು ಏನಂದ್ರು?" ಎಂದು ನನ್ನನ್ನು ಕೇಳಿದಳು. ಹೇಳಿದೆ, ನನ್ನ ಮಾತೊಂದನ್ನು ಬಿಟ್ಟು. ಆಕೆ ಬಯ್ಯಲಿಲ್ಲ. ಗೇಟಿನೊಳಗೆ ಹೋಗಿ ಸೊಸೆಯ ಪಕ್ಕ ಕೂತಳು. ಆರು ವರ್ಷ ಆ ಮನೆಗೆ ಬಂದರೂ ಆಕೆಯನ್ನು ಬಿಟ್ಟುಕೊಂಡದ್ದು ಆ ವರಾಂಡದವರೆಗೆ ಮಾತ್ರ.

"ಒಂದೇ ರೂಮು ಅವ್ವಾ ನಮ್ದು. ನೀರು ದೂರದಿಂದ ತರ್ಬೇಕು."

"ನಾನೂ ತರ್ತೀನಿ," ಎಂದಳು ಸೊಸೆ.

ಇಬ್ಬರೂ ಒಂದೇ ಕೊಡೆಯಲ್ಲಿ ಗೇಟು ದಾಟಿದರು. "ನಾನೂ ಅಲ್ಲೀತನಕ ಬರ್ತೀನಿ," ಎಂದೆ.

ಮಿಷನ್ ಅಮ್ಮ ನಿಂತು ನನ್ನನ್ನು ನೋಡಿದಳು. "ನೀವ್ಯಾಕ್ ಮೇಷ್ಟ್ರೇ. ಇಸ್ಕೂಲಿಗೆ ಒತ್ತಾಯ್ತು, ಓಗಿ."

ಹೋದೆ. ದಸರಾ ರಜೆ ಮುಗಿಯಲು ಇನ್ನೂ ನಾಲ್ಕು ದಿನ ಇತ್ತು. ಅದು ಆಕೆಗೂ ಗೊತ್ತಿತ್ತು.